‘ತಗೊಂತೀವ್ರಿ’ ಅಂದವರು ಯಾಕೆ ತಗೊಳ್ಳಲಿಲ್ಲ? ಗಿರಾಕಿಯ ಮನಸ್ಸು ತಿಳಿಯಲು ಫೋಕಸ್ ಗ್ರೂಪ್

ನಮ್ಮ ಮನೆಯ ಅಟ್ಟದ ಮೇಲೆ ಎರಡು ದೊಡ್ಡ ರಟ್ಟಿನ ಡಬ್ಬಿಗಳಿವೆ. ಒಳಗೆ ಖಾಲಿ ಪೌಚುಗಳು. 200 ಗ್ರಾಂ ಖಾರದ ಪುಡಿ ತುಂಬಲಿಕ್ಕೆ ಅಂತ ಮಾಡಿಸಿದ್ದು. ಮೇಲೆ ಕೆಂಪು ಮೆಣಸಿನಕಾಯಿಯ ಚಿತ್ರ, ಪಕ್ಕದಲ್ಲಿ ಹಸಿರು ಎಲೆ, ‘ಶುದ್ಧ ಸಾವಯವ’ ಅನ್ನುವ ದಪ್ಪ ಅಕ್ಷರ. ಐದು ಸಾವಿರಕ್ಕಿಂತ ಕಡಿಮೆ ಆದರೆ ಅಚ್ಚು ಹಾಕಂಗಿಲ್ಲ ಅಂದಿದ್ದರು, ಹಾಗಾಗಿ ಐದು ಸಾವಿರ ಮಾಡಿಸಿದೆವು. ಖರ್ಚಾದದ್ದು ಆರುನೂರು ಚಿಲ್ಲರೆ.

ಈ ವಾರ ಬೆಳೆಯ ಬಗ್ಗೆ ಬರೆಯುತ್ತಿಲ್ಲ, ಬೆಳೆದದ್ದನ್ನು ಕೊಳ್ಳುವವರ ಬಗ್ಗೆ ಬರೆಯುತ್ತಿದ್ದೇನೆ. ಮಾರುಕಟ್ಟೆ ಸಂಶೋಧನೆಯಲ್ಲಿ ಫೋಕಸ್ ಗ್ರೂಪ್ ಅಂತ ಒಂದು ಪದ್ಧತಿ ಇದೆ. ಒಂದೇ ತರಹದ ಆರೆಂಟು ಗಿರಾಕಿಗಳನ್ನು ಒಂದು ಕಡೆ ಕೂರಿಸಿ, ಒಂದೇ ವಿಷಯದ ಮೇಲೆ ಒಂದು-ಒಂದೂವರೆ ತಾಸು ಅವರವರೇ ಮಾತಾಡಿಕೊಳ್ಳುವಂತೆ ಮಾಡಿ, ಅದನ್ನು ಕಿವಿಗೊಟ್ಟು ಕೇಳುವುದು. ಸೋಪು, ಬಿಸ್ಕತ್ತು ಮಾರುವ ದೊಡ್ಡ ಕಂಪನಿಗಳು ಇದಕ್ಕೆ ಲಕ್ಷಗಟ್ಟಲೆ ಖರ್ಚು ಮಾಡುತ್ತವೆ. ನಮ್ಮಂಥ ಹತ್ತು-ಹನ್ನೆರಡು ರೈತರ ಗುಂಪು ಚಾಪೆ ಹಾಸಿ, ಚಹಾ ಕೊಟ್ಟೂ ಮಾಡಬಹುದು. ನಾವು ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಕಡೆ ಮಾಡಿದೆವು. ಕೆಲವು ಚಲೋ ಆದವು, ಕೆಲವನ್ನು ನಾನೇ ಕೆಡಿಸಿದೆ. ಎರಡನ್ನೂ ಬರೀತೀನಿ.

ಮೊದಲು ಚೀಟಿಯ ಕಥೆ

ನಾನು ತೋಟಗಾರಿಕೆ ಪದವಿ ಮುಗಿಸಿ, ಮೂರು ವರ್ಷ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಊರಿಗೆ ವಾಪಸ್ ಬಂದವ. ನಮ್ಮದು ದೇವದುರ್ಗ ತಾಲೂಕು, ನಾರಾಯಣಪುರ ಬಲದಂಡೆ ಕಾಲುವೆಯ ಕಡೆ, ಎರೆ ಭೂಮಿ. ಹತ್ತಿ, ತೊಗರಿ ಜೊತೆಗೆ ಮೆಣಸಿನಕಾಯಿ ನಮ್ಮ ಮುಖ್ಯ ಬೆಳೆ. 2021-22ರ ಹಂಗಾಮಿನಲ್ಲಿ ಕಪ್ಪು ಥ್ರಿಪ್ಸ್ ಬಂದು ಹೂವಿನೊಳಗೇ ಕೂತು ಬೆಳೆ ತಿಂದದ್ದು ಈ ಭಾಗದವರಿಗೆ ಮರೆಯುವಂಥದ್ದಲ್ಲ. ವಾರಕ್ಕೆ ಎರಡು ಸಲ ಎಣ್ಣಿ ಹೊಡೆದವರಿಗೂ ಕಾಯಿ ಸಿಗಲಿಲ್ಲ. (ನಮ್ಮ ಕಡೆ ಕೀಟನಾಶಕಕ್ಕೆ ‘ಎಣ್ಣಿ’ ಅಂತಾರೆ. ಈ ಮಾತು ಮುಂದೆ ಬರುತ್ತದೆ, ನೆನಪಿಡ್ರಿ.) ಆ ಸಾಲದ ಪೆಟ್ಟು ತಿಂದ ಮೇಲೆ ಹನ್ನೊಂದು ಮಂದಿ ಸೇರಿ ಸಾವಯವಕ್ಕೆ ತಿರುಗಿದೆವು.

ಇಳುವರಿ ಇಳಿಯಿತು. ಹಾಗಾದರೆ ದರ ಏರಬೇಕು, ಇಲ್ಲದಿದ್ದರೆ ಲೆಕ್ಕ ಕೂಡಂಗಿಲ್ಲ. ಬ್ಯಾಡಗಿಗೆ ಒಯ್ಯಲಿ, ಗುಂಟೂರಿಗೆ ಒಯ್ಯಲಿ, ವ್ಯಾಪಾರಿ ಬಣ್ಣ ನೋಡುತ್ತಾನೆ, ಒಣಗಿದ್ದು ನೋಡುತ್ತಾನೆ. ಎಣ್ಣಿ ಹೊಡೆದದ್ದೋ ಇಲ್ಲವೋ ಅಂತ ಕೇಳುವುದಿಲ್ಲ. ಅವನದು ತಪ್ಪಲ್ಲ, ಅವನ ಗಿರಾಕಿಯೂ ಕೇಳುವುದಿಲ್ಲ. ಅದಕ್ಕೇ ನೇರವಾಗಿ ಮನೆಗಳಿಗೆ ಮಾರಬೇಕು ಅಂತ ತೀರ್ಮಾನವಾಯಿತು.

ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ನಾನೇ ಜಾಣತನ ಮಾಡಿ ಒಂದು ಚೀಟಿ ಅಚ್ಚು ಹಾಕಿಸಿದೆ. ‘ಸಾವಯವ ಖಾರದ ಪುಡಿ ನಿಮ್ಮ ಊರಿನಲ್ಲೇ ಸಿಕ್ಕರೆ ಕೊಳ್ಳುತ್ತೀರಾ?’ ಹೌದು, ಇಲ್ಲ. ನೂರಿಪ್ಪತ್ತು ಮಂದಿ ತುಂಬಿ ಕೊಟ್ಟರು. ನೂರಕ್ಕೂ ಹೆಚ್ಚು ‘ಹೌದು’. ಆ ಚೀಟಿಗಳ ಕಟ್ಟನ್ನು ಸಭೆಯಲ್ಲಿ ತೋರಿಸಿ ನಾಲ್ಕು ಕ್ವಿಂಟಲ್ ಕಾಯಿ ಬೀಸಿಸಿದೆವು, ಪೌಚು ಮಾಡಿಸಿದೆವು. ನಮ್ಮ ಪೈಕಿ ಮೂವರು ತಮ್ಮ ಪಾಲಿನ ದುಡ್ಡನ್ನು ಹೆಂಡತಿಯ ಸ್ತ್ರೀಶಕ್ತಿ ಗುಂಪಿನಿಂದ ಸಾಲ ತೆಗೆಸಿ ತಂದಿದ್ದರು.

ಪುಡಿ ಮಳೆಗಾಲ ನೋಡಿತು. ಬಣ್ಣ ಮಾಸಿತು. ಉಳಿದದ್ದನ್ನು ಬಂದ ದರಕ್ಕೆ ಖಾನಾವಳಿಯವರಿಗೆ ಕೊಟ್ಟೆವು. ಆ ಮೂವರ ಮನೆಯಲ್ಲಿ ಏನೇನು ಮಾತಾಯಿತು ಅನ್ನುವುದನ್ನು ನಾನು ಇಲ್ಲಿ ಬರೆಯಲಾರೆ. ಒಬ್ಬರು ಮುಂದಿನ ಹಂಗಾಮಿಗೆ ನಾನು ಇಲ್ಲ ಅಂದರು, ಇನ್ನಿಬ್ಬರು ಹೌದು-ಇಲ್ಲ ಎನ್ನದೆ ಸುಮ್ಮನಿದ್ದರು.

ಚೀಟಿ ಕೊಟ್ಟ ನೂರು ಮಂದಿ ಸುಳ್ಳು ಹೇಳಿದ್ದರೇ? ಇಲ್ಲ. ಊಟಕ್ಕೆ ಕರೆದವರು ‘ಅಡಿಗಿ ಹೆಂಗಾಗ್ಯದ್ರಿ?’ ಅಂತ ಎದುರಿಗೆ ನಿಂತು ಕೇಳಿದರೆ ಉಪ್ಪು ಕಡಿಮೆ ಅಂತ ಯಾರು ಹೇಳ್ತಾರೆ? ನನ್ನ ಪ್ರಶ್ನೆಯೂ ಅಂಥದ್ದೇ. ಅದಕ್ಕೆ ಇಲ್ಲ ಅನ್ನಲು ಯಾರಿಗೂ ಕಾರಣವೇ ಇರಲಿಲ್ಲ.

ಕೆಂಪು ಗುಂಡಿ, ಹಸಿರು ಗುಂಡಿ

ಈ ಪದ್ಧತಿ ಹುಟ್ಟಿದ ಕಥೆ ಓದಿದಾಗ ನನಗೆ ನಮ್ಮ ಚೀಟಿಯೇ ಕಣ್ಣ ಮುಂದೆ ಬಂತು. 1941ರ ನವೆಂಬರ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಲಾಜರ್ಸ್‌ಫೆಲ್ಡ್ ಅನ್ನುವ ಸಮಾಜಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿ ರಾಬರ್ಟ್ ಮರ್ಟನ್ ಅವರನ್ನು ರಾತ್ರಿ ಊಟಕ್ಕೆ ಕರೆದು, ಊಟದ ಬದಲು ರೇಡಿಯೋ ಸ್ಟುಡಿಯೋಕ್ಕೆ ಕರೆದುಕೊಂಡು ಹೋದರಂತೆ. ಅಲ್ಲಿ ಕೆಲವು ಜನ ರೇಡಿಯೋ ಕಾರ್ಯಕ್ರಮ ಕೇಳುತ್ತ ಕೂತಿದ್ದರು. ಹಿಡಿಸಿದರೆ ಹಸಿರು ಗುಂಡಿ, ಹಿಡಿಸದಿದ್ದರೆ ಕೆಂಪು ಗುಂಡಿ ಒತ್ತಬೇಕು. ಯಾವ ನಿಮಿಷಕ್ಕೆ ಎಷ್ಟು ಮಂದಿ ಕೆಂಪು ಒತ್ತಿದರು ಅಂತ ಯಂತ್ರ ಬರೆದುಕೊಳ್ಳುತ್ತದೆ. ಯಾಕೆ ಒತ್ತಿದರು ಅನ್ನುವುದು ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಆಮೇಲೆ ಒಬ್ಬರು ಜನರನ್ನು ಕೇಳಬೇಕು. ಕೇಳುವವರು ಉತ್ತರವನ್ನು ತಾವೇ ಬಾಯಿಗೆ ಇಡುತ್ತಿದ್ದಾರೆ ಅಂತ ಮರ್ಟನ್ ತಕರಾರು ತೆಗೆದರು. ಹಾಗಾದರೆ ನೀವೇ ಕೇಳಿ ನೋಡಿ ಅಂದರು ಲಾಜರ್ಸ್‌ಫೆಲ್ಡ್. ಅಲ್ಲಿಂದ ಶುರು. ಯುದ್ಧಕಾಲದಲ್ಲಿ ಸೈನಿಕರಿಗೆ ತೋರಿಸುವ ಚಿತ್ರಗಳ ಬಗ್ಗೆಯೂ ಹೀಗೇ ಕೇಳಿದರು. 1946ರಲ್ಲಿ ಮರ್ಟನ್ ಮತ್ತು ಪೆಟ್ರಿಷಿಯಾ ಕೆಂಡಲ್ ಈ ವಿಧಾನದ ಮೇಲೆ ಪ್ರಬಂಧ ಬರೆದರು, 1956ರಲ್ಲಿ ಪುಸ್ತಕವಾಯಿತು. ಆಮೇಲೆ ಅದನ್ನು ಜಾಹೀರಾತಿನವರು ಎತ್ತಿಕೊಂಡರು. 1987ರಲ್ಲಿ ಮರ್ಟನ್ ಮತ್ತೆ ಬರೆದು, ಇಂಥ ಗುಂಪಿನಿಂದ ಹೊಸ ಊಹೆ ಸಿಗುತ್ತದೆಯೇ ಹೊರತು ಸಾಬೀತಾದ ಉತ್ತರ ಸಿಗುವುದಿಲ್ಲ, ಅದನ್ನು ಬೇರೆ ರೀತಿ ಪರೀಕ್ಷೆ ಮಾಡಬೇಕು ಅಂದರು.

ನಮ್ಮ ಚೀಟಿ ಅಂದರೆ ಆ ಗುಂಡಿ. ಒತ್ತಿದ್ದು ಗೊತ್ತಾಯಿತು, ಯಾಕೆ ಅನ್ನುವುದು ಗೊತ್ತಾಗಲಿಲ್ಲ.

ನಮ್ಮ ರಾಜ್ಯಕ್ಕೂ ಗುಂಪಿನಲ್ಲಿ ಕೂರಿಸಿ ಕೇಳುವುದು ಹೊಸದೇನಲ್ಲ. 1980ರ ದಶಕದ ಕೊನೆಗೆ ಮೈರಾಡ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲಿ ಪಿಆರ್‌ಎ, ಅಂದರೆ ಸಹಭಾಗಿ ಗ್ರಾಮೀಣ ಸಮೀಕ್ಷೆ ಶುರು ಮಾಡಿದರು. ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಲ್ಲು ಇಟ್ಟು ಊರಿನ ನಕ್ಷೆ ಬಿಡಿಸುವುದು, ಹೊಲ-ಹಳ್ಳ ಗುರುತಿಸುವುದು. ಜಲಾನಯನ ಯೋಜನೆ ನಡೆದ ಊರುಗಳ ಹಿರಿಯರಿಗೆ ಇದು ನೆನಪಿರುತ್ತದೆ. ಅಲ್ಲಿ ಪ್ರಶ್ನೆ ‘ಊರಿಗೆ ಏನು ಬೇಕು’, ಇಲ್ಲಿ ಪ್ರಶ್ನೆ ‘ಗಿರಾಕಿ ಹೇಗೆ ಕೊಳ್ಳುತ್ತಾನೆ’. ಆದರೆ ಕಷ್ಟ ಒಂದೇ: ಗೌಡರು ಮಾತಾಡಿದ ಮೇಲೆ ಉಳಿದವರು ‘ಹೌದ್ರಿ’ ಅನ್ನುತ್ತಾರೆ.

ರಾಯಚೂರು: ಹದಿನಾಲ್ಕು ಪ್ರಶ್ನೆ, ಮೂರು ಬಟ್ಟಲು

ಮೊದಲ ಗುಂಪು ರಾಯಚೂರಿನ ನಿಜಲಿಂಗಪ್ಪ ಕಾಲೋನಿಯಲ್ಲಿ, ಗೆಳೆಯನ ಮನೆಯ ಪಡಸಾಲೆಯಲ್ಲಿ. ಎಂಟು ಮಂದಿ ಗೃಹಿಣಿಯರು. ರಾಯಚೂರು ಅಂದ ಮೇಲೆ ಇಬ್ಬರು ಮನೆಯಲ್ಲಿ ತೆಲುಗು ಮಾತಾಡುವವರು, ಒಬ್ಬರು ಉರ್ದು. ನಾನು ಹದಿನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಒಂದೊಂದೇ ಕೇಳುತ್ತಾ ಹೋದೆ. ಎಡಗಡೆಯಿಂದ ಬಲಗಡೆಗೆ ಒಬ್ಬೊಬ್ಬರೇ ಉತ್ತರ ಹೇಳಿದರು, ಸಾಲಿಯಲ್ಲಿ ಹಾಜರಿ ಹಾಕಿದ ಹಾಗೆ. ಐದನೇ ಪ್ರಶ್ನೆಗೆ ಬರುವಷ್ಟರಲ್ಲಿ ಒಬ್ಬರು ಗಡಿಯಾರ ನೋಡುತ್ತಿದ್ದರು.

ಕೈಚೀಲದಲ್ಲಿ ಮೂರು ಸ್ಟೀಲ್ ಬಟ್ಟಲಿದ್ದವು. ಒಂದರಲ್ಲಿ ನಮ್ಮ ಖಾರ, ಒಂದರಲ್ಲಿ ತೀನ್ ಕಂದೀಲ್ ಕಡೆಯ ಅಂಗಡಿಯಿಂದ ತಂದ ಬಿಡಿ ಖಾರ, ಒಂದರಲ್ಲಿ ಪಾಕೀಟಿನ ಖಾರ. ಕೊನೆಗೆ ತೋರಿಸಬೇಕು ಅಂತ ಇಟ್ಟುಕೊಂಡಿದ್ದೆ. ಬೇರೆ ದಾರಿ ಕಾಣದೆ ಪ್ರಶ್ನೆಪತ್ರಿಕೆ ಮಡಚಿಟ್ಟು ಬಟ್ಟಲು ನಡುವೆ ಇಟ್ಟೆ. ಹೆಸರು ಹೇಳಲಿಲ್ಲ.

ಎಂಟೂ ಮಂದಿ ಮುಂದೆ ಬಾಗಿದರು. ಒಬ್ಬರು ಮೂಸಿ ನೋಡಿದರು, ಒಬ್ಬರು ಬೆರಳಲ್ಲಿ ತಿಕ್ಕಿದರು. ನಮ್ಮದು ಯಾವುದು ಅಂತ ನಾನು ಹೇಳುವ ಮುಂಚೆಯೇ ವಯಸ್ಸಾದ ಒಬ್ಬ ತಾಯಿ ಮೂರನ್ನೂ ಬದಿಗೆ ಸರಿಸಿ ಅಂದರು: “ಪುಡಿ ನೋಡಿ ಏನ್ ಹೇಳೋದಪ್ಪ? ಇಟ್ಟಂಗಿ ಪುಡಿ ಹಾಕಿದ್ರೂ ಕೆಂಪಗೇ ಇರ್ತದ. ಕಾಯಿ ಎಲ್ಲದ? ಕಾಯಿ ನೋಡಲಾರದ ಖಾರ ಹೆಂಗ ತಗೊಳೋದು?”

ಅಲ್ಲಿಂದ ಮುಕ್ಕಾಲು ತಾಸು ನಾನು ಬಾಯಿ ತೆರೆಯಲಿಲ್ಲ. ಅವರವರಲ್ಲೇ ಮಾತು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕಾಯಿ ತರುವುದು, ಮಾಳಿಗೆ ಮೇಲೆ ಒಣಗಿಸುವುದು, ಖಾರದ ಗಿರಣಿಗೆ ಒಯ್ದು ಎದುರಿಗೇ ನಿಂತು ಬೀಸಿಸುವುದು. ಬಣ್ಣಕ್ಕೆ ಇಷ್ಟು ಬ್ಯಾಡಗಿ, ಖಾರಕ್ಕೆ ಇಷ್ಟು ಗುಂಟೂರು ಅಂತ ಕೂಡಿಸುವ ಲೆಕ್ಕ ಮನೆಗೊಂದು. ತೆಲುಗು ಮನೆಯವರಿಗೆ ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಹೊತ್ತಿಗೆ ಹೊಸ ಖಾರ ಬೇಕೇ ಬೇಕು. ಕೊತ್ತಂಬರಿ ಬೀಜ, ಒಣಕೊಬ್ಬರಿ, ಬಳ್ಳೊಳ್ಳಿ ಹಾಕಿ ಮಾಡುವ ಮಸಾಲಿ ಖಾರ ಬೇರೆ. ಪಾಕೀಟು ಯಾವಾಗ ತರ್ತೀರಿ ಅಂತ ಒಂದೇ ಮಾತು ಕೇಳಿದೆ. “ಮನ್ಯಾಗಿಂದು ತೀರಿದ್ರ. ತೀರೋದು ಅಂದ್ರ ನಾಚಿಕಿ” ಅಂದರು ಒಬ್ಬರು, ಎಲ್ಲರೂ ನಕ್ಕರು.

ಇದು ನನಗೆ ಗೊತ್ತಿರಲಿಲ್ಲವೇ? ನಮ್ಮ ಅವ್ವನೂ ಹೀಗೇ ಮಾಡುತ್ತಾಳೆ. ಆದರೆ ಮಾರಾಟ ಅಂದ ಕೂಡಲೇ ತಲೆಯಲ್ಲಿ ಪೌಚು ಬಂದು ಕೂತಿತ್ತು. ಕೊಳ್ಳುತ್ತೀರಾ ಅಂತ ಕೇಳಿದ್ದೆ. ನೀವು ಹೇಗೆ ಕೊಳ್ಳುತ್ತೀರಿ ಅಂತ ಒಬ್ಬರನ್ನೂ ಕೇಳಿರಲಿಲ್ಲ.

ದೇವದುರ್ಗ: ತಪ್ಪು ಜನ, ತಪ್ಪು ಮನುಷ್ಯ

ಎರಡನೆಯದನ್ನು ನಾನು ಎರಡು ರೀತಿ ಕೆಡಿಸಿದೆ. ಸುಲಭ ಅಂತ ನಮ್ಮ ಪಕ್ಕದ ಊರಿನ ಒಂದು ಸಂಘದ ಹೆಣ್ಣುಮಕ್ಕಳನ್ನೇ ಕೂರಿಸಿದೆ. ಮೊದಲ ಮಾತೇ, “ನಮ್ ಮನ್ಯಾಗ ನಾಕ ಚೀಲ ಬಿದ್ದಾವ, ನಿಮ್ಮದ್ಯಾಕ ತಗೋಬೇಕ್ರಿ?” ನಿಜವೇ. ಅವರು ಬೆಳೆಯುವವರು, ಕೊಳ್ಳುವವರಲ್ಲ. ಯಾರನ್ನು ಕರೆಯಬೇಕು ಅನ್ನುವುದನ್ನು ಮೊದಲು ಎರಡು-ಮೂರು ಪ್ರಶ್ನೆ ಕೇಳಿ ಸೋಸಬೇಕು: ಮನೆಗೆ ಕಾಯಿ ಕೊಂಡು ತರುತ್ತೀರಾ? ಕಳೆದ ವರ್ಷ ಎಷ್ಟು ತಂದಿರಿ? ತರುವುದು ಯಾರು? ಇಷ್ಟು ಸಾಕು.

ಮುಂದಿನ ವಾರ ದೇವದುರ್ಗ ಪಟ್ಟಣದಲ್ಲಿ ಹೊಲ ಇಲ್ಲದ ಮನೆಗಳವರನ್ನು ಕರೆದೆವು. ಅಂಗನವಾಡಿ ಸಹಾಯಕಿ, ಹೊಲಿಗೆ ಮಷಿನ್ ಇಟ್ಟವರು, ಕಿರಾಣಿ ಅಂಗಡಿಯವರ ಮನೆಯವರು. ಏಳು ಮಂದಿ. ನಾನು ಕೇಳುವುದು, ಅವರು ಸೆರಗು ಸರಿಮಾಡಿಕೊಂಡು “ಹಂಗೇನಿಲ್ರಿ ಸರ್” ಅನ್ನುವುದು. ಅವರಿಗೆ ನಾನು ಯಾವುದೋ ಇಲಾಖೆಯವ ಅನ್ನಿಸಿತ್ತು. ಪ್ಯಾಂಟು, ನೋಟ್‌ಬುಕ್ಕು, ‘ಸರ್’. ನಮ್ಮ ಅಕ್ಕ ಚಹಾ ಕೊಡಲಿಕ್ಕೆ ಅಂತ ಬಂದಿದ್ದಳು. ಅವಳು ಕಣ್ಣಲ್ಲೇ ಸನ್ನೆ ಮಾಡಿದಳು, ನಾನು ಎದ್ದು ಹೊರಗೆ ಕಟ್ಟೆಯ ಮೇಲೆ ಕೂತೆ. ಮೊಬೈಲ್ ಒಳಗೆ ರೆಕಾರ್ಡ್ ಆಗುತ್ತಿತ್ತು. ರೆಕಾರ್ಡ್ ಮಾಡ್ತೀವಿ, ಬ್ಯಾಡಂದ್ರ ಬಂದ್ ಮಾಡ್ತೀವಿ ಅಂತ ಮೊದಲೇ ಕೇಳಿದ್ದೆವು, ಅದನ್ನು ಕೇಳದೆ ಎಂದೂ ಮಾಡಬೇಡ್ರಿ. ಹತ್ತು ನಿಮಿಷಕ್ಕೆ ಒಳಗಿಂದ ನಗು ಕೇಳಿಸಿತು.

ಆ ರೆಕಾರ್ಡನ್ನು ನಾನು ಮೂರು ಸಲ ಕೇಳಿದ್ದೇನೆ. ಒಂದೂವರೆ ತಾಸಿನಲ್ಲಿ ‘ಸಾವಯವ’ ಅನ್ನುವ ಪದ ಒಬ್ಬರ ಬಾಯಿಂದಲೂ ಬಂದಿಲ್ಲ. ಅಕ್ಕ ಒಮ್ಮೆ ಅಂದಾಗ “ಅದೇನ್ ಗೊಬ್ಬರ ಏನ್ರಿ?” ಅಂತ ಒಬ್ಬರು ಕೇಳಿದ್ದಾರೆ. ಆದರೆ ಅವರ ಕಾಳಜಿ ಅದೇ: “ಎಣ್ಣಿ ಹೊಡಿಲಾರದ ಕಾಯಿ ಈಗ ಎಲ್ಲೈತಿ?” “ಖಾರ ಉಂಡ್ರ ಮೊದಲು ಎದಿ ಉರೀತಿರಲಿಲ್ಲ, ಈಗ ಉರೀತೈತಿ, ಎಣ್ಣಿದೇ ಅದು.” ಎದೆ ಉರಿಗೂ ಕೀಟನಾಶಕಕ್ಕೂ ನಂಟಿದೆಯೋ ಇಲ್ಲವೋ, ಅದು ಬೇರೆ ಮಾತು. ಗಿರಾಕಿ ಯಾವ ಪದದಲ್ಲಿ ಯೋಚಿಸುತ್ತಾಳೆ ಅನ್ನುವುದು ಸಿಕ್ಕಿತು. ನಮ್ಮ ಪೌಚಿನ ಮೇಲೆ ಆ ಪದ ಇರಲಿಲ್ಲ.

ಮಾನ್ವಿ: ಬಾಗಿಲ ಬಳಿಯ ಮಾತು

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಸೀಮೆ. ಕಾಯಿ ಕೊಳ್ಳುವ ಮನೆ ಹೆಚ್ಚು. ಈ ಸಲ ಅಕ್ಕನೇ ನಡೆಸಿದಳು, ನಾನು ಮೂಲೆಯಲ್ಲಿ ಬರೆದುಕೊಳ್ಳುತ್ತ ಕೂತೆ. ಎಂಟು ಮಂದಿ, ಅದರಲ್ಲಿ ಒಂದೇ ಮನೆಯ ಅತ್ತೆ-ಸೊಸೆ ಇಬ್ಬರು. ಅದು ತಪ್ಪು ಅಂತ ಆಮೇಲೆ ತಿಳಿಯಿತು. ಅತ್ತೆ ಚಲೋ ಮಾತುಗಾರ್ತಿ, ಸೊಸೆ ಒಂದೂ ಮಾತಾಡಲಿಲ್ಲ.

ಕೊನೆಗೆ ದರದ ಮಾತು ಬಂತು. ಎಣ್ಣಿ ಹೊಡೆಯದ ಕಾಯಿಗೆ ಕಿಲೋಕ್ಕೆ ನಲವತ್ತು ರೂಪಾಯಿ ಹೆಚ್ಚು ಕೊಡ್ತೀರಾ? ಅತ್ತೆ ಅಂದರು, “ಆರೋಗ್ಯದ ಮುಂದ ನಲವತ್ತು ರೂಪಾಯಿ ಯಾವ ಲೆಕ್ಕ?” ಎಂಟೂ ಮಂದಿ ಕತ್ತು ಹಾಕಿದರು. ನಮಗೆ ಖುಷಿಯೋ ಖುಷಿ. ಆದರೆ ಅಕ್ಕನ ಕೈಯಲ್ಲಿ ಖಾಲಿ ಚೀಟಿಗಳಿದ್ದವು. ಇದೇ ಪ್ರಶ್ನೆಗೆ ಮಾತು ಶುರುವಾಗುವ ಮುಂಚೆಯೇ ಪ್ರತಿಯೊಬ್ಬರಿಂದ ಬೇರೆ ಬೇರೆ ಬರೆಸಿಕೊಳ್ಳಬೇಕಿತ್ತು, ಮರೆತಿದ್ದೆವು. ಈಗ ಹಂಚಿದಳು. ಹೆಸರು ಬೇಡ, ಎಷ್ಟು ಹೆಚ್ಚು ಕೊಡ್ತೀರಿ ಅಷ್ಟೇ ಬರೀರಿ. ಬರೆಯಲು ಬಾರದವರ ಕಿವಿಯ ಹತ್ತಿರ ಹೋಗಿ ಕೇಳಿಕೊಂಡಳು. ನಲವತ್ತು ಬರೆದವರು ಇಬ್ಬರು. ಉಳಿದವು ಹತ್ತು, ಇಪ್ಪತ್ತು, ಎರಡು ಸೊನ್ನೆ.

ಗುಂಪಿನ ಮಾತಿನಲ್ಲಿ ದರ ಕೇಳಿ ನಂಬಬಾರದು ಅನ್ನುವುದನ್ನು ಪುಸ್ತಕದಲ್ಲಿ ಓದಿದ್ದೆ, ಅವತ್ತು ಕಣ್ಣಾರೆ ಕಂಡೆ. ಕೋಕಾ-ಕೋಲಾದಂಥ ಕಂಪನಿಯೂ ಇಂಥ ಕಡೆ ಎಡವಿದೆ. 1985ರ ಏಪ್ರಿಲ್ 23ರಂದು ಅವರು ಹಳೆಯ ರುಚಿ ತೆಗೆದು ಹೊಸ ಕೋಕ್ ತಂದರು. ಅದಕ್ಕೂ ಮುಂಚೆ ಹತ್ತಿರ ಹತ್ತಿರ ಎರಡು ಲಕ್ಷ ಜನರಿಗೆ ಕುಡಿಸಿ ನೋಡಿದ್ದರು, ಹೆಚ್ಚಿನವರು ಹೊಸದೇ ರುಚಿ ಅಂದಿದ್ದರು. ಗುಂಪು ಚರ್ಚೆಗಳಲ್ಲಿ ಮಾತ್ರ ಹಳೆಯದನ್ನು ತೆಗೀತಾರೆ ಅಂದ ಕೂಡಲೇ ಕೆಲವರು ಸಿಟ್ಟಾದರು, ಅವರನ್ನು ನೋಡಿ ಪಕ್ಕದವರೂ ತಿರುಗಿದರು. ಕಂಪನಿ ಅಂಕಿಯನ್ನು ನಂಬಿತು. 79 ದಿನಕ್ಕೆ, ಜುಲೈ 11ಕ್ಕೆ, ಹಳೆಯದನ್ನು ವಾಪಸ್ ತರಬೇಕಾಯಿತು. ಅಲ್ಲಿ ಒಬ್ಬರ ಸಿಟ್ಟು ಇನ್ನೊಬ್ಬರಿಗೆ ಹಬ್ಬಿದ್ದೇ ನಿಜವಾದ ಸುದ್ದಿಯಾಗಿತ್ತು, ಊರಲ್ಲೂ ಹಾಗೇ ಹಬ್ಬಿತು. ಮಾನ್ವಿಯಲ್ಲಿ ಅತ್ತೆಯ ಮಾತು ಹಬ್ಬಿದ್ದು ಬರೀ ಮರ್ಯಾದೆಗೆ. ಯಾವುದು ಯಾವುದು ಅಂತ ಕೂತು ಕೇಳಿದವರಿಗೇ ಗೊತ್ತಾಗಬೇಕು, ಸೂತ್ರ ಇಲ್ಲ.

ಎಲ್ಲ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಆ ಸೊಸೆ ಅಕ್ಕನ ಹತ್ತಿರ ಮೆಲ್ಲಗೆ ಅಂದಳಂತೆ: “ಯಕ್ಕಾ, ಕಾಯಿ ತರೋರು ಅತ್ತಿ, ಬೀಸೋರು ಗಿರಣ್ಯಾರು. ತೊಟ್ಟು ತೆಗಿಯಾಕಿ ನಾನು. ಎಂಟು ಕಿಲೋ ಕಾಯಿ. ಮೂರು ದಿನ ಕೈ ಉರಿತೈತಿ, ಕೂಸಿಗೆ ಮುಟ್ಟಂಗಿಲ್ಲ. ತೊಟ್ಟು ತೆಗೆದದ್ದು ಕೊಟ್ರ ನಾ ರೊಕ್ಕ ಕೊಡಸ್ತೀನಿ.”

ನಾಲ್ಕು ಗುಂಪುಗಳಲ್ಲಿ ಕೇಳಿದ ಮಾತುಗಳ ಪೈಕಿ ನಮ್ಮ ವ್ಯಾಪಾರ ಬದಲಿಸಿದ್ದು ಇದು. ರೆಕಾರ್ಡ್ ಬಂದ್ ಆದ ಮೇಲೆ ಬಂದ ಮಾತು. ಅಂದಿನಿಂದ ಗುಂಪು ಮುಗಿದ ಮೇಲೆ ಅರ್ಧ ತಾಸು ಯಾರೂ ಗಡಿಬಿಡಿ ಮಾಡದೆ ಅಲ್ಲೇ ಇರುತ್ತೇವೆ. ಅತ್ತೆಯರನ್ನು ಬೇರೆ, ಸೊಸೆಯರನ್ನು ಬೇರೆ ಕೂರಿಸುತ್ತೇವೆ.

ಪದವನ್ನೂ ಪರೀಕ್ಷೆ ಮಾಡಿದೆವು

ದೇವದುರ್ಗದ ಮಾತು ಹಿಡಿದು ಚೀಲದ ಮೇಲೆ ‘ಎಣ್ಣೆ ಹೊಡೆಯದ ಮೆಣಸಿನಕಾಯಿ’ ಅಂತ ಬರೆಸಬೇಕು ಅಂತಿದ್ದೆವು. ಐದು ಸಾವಿರ ಪೌಚಿನ ನೆನಪಿಗೆ ಮೊದಲು ರಾಯಚೂರಿನಲ್ಲಿ ಮತ್ತೊಂದು ಗುಂಪಿಗೆ ತೋರಿಸಿದೆವು, ಬರೀ ಹಾಳೆಯ ಮೇಲೆ ಬರೆದು. ಕಾಲೋನಿಯ ಒಬ್ಬರು ಓದಿ, “ಹೌದ್ರಿ, ಹೊಳೀಲಿ ಅಂತ ಕಾಯಿಗೆ ಎಣ್ಣೆ ಸವರ್ತಾರ, ನೀವು ಸವರಲ್ಲೇನು?” ಅಂದರು. ಅವರ ಪಾಲಿಗೆ ಎಣ್ಣೆ ಅಂದರೆ ಅಡುಗೆ ಎಣ್ಣೆ. ಹಳ್ಳಿಯ ಬೇರಿರುವ ಮನೆಯವರಿಗೆ ಮಾತ್ರ ನಮ್ಮ ಅರ್ಥ ತಿಳಿಯಿತು. ಕೊನೆಗೆ ನಗರದ ಚೀಲಕ್ಕೆ ‘ಔಷಧಿ ಹೊಡೆಯದ ಕಾಯಿ’, ದೇವದುರ್ಗ-ಮಾನ್ವಿಗೆ ‘ಎಣ್ಣಿ ಹೊಡಿಲಾರದ ಕಾಯಿ’. ಗೋಣಿ ಬಟ್ಟೆಯ ಚೀಲ, ರಬ್ಬರ್ ಅಚ್ಚು, ಕೈಯಿಂದಲೇ ಒತ್ತುವುದು. ತಪ್ಪಿದರೆ ಅಚ್ಚು ಬದಲಿಸಬಹುದು. (ಪ್ರಮಾಣಪತ್ರ ಇಲ್ಲದೆ ‘ಸಾವಯವ’ ಅಂತ ಮುದ್ರೆ ಹಾಕುವ ಮುಂಚೆ ಪಿಜಿಎಸ್ ಅಥವಾ ಎನ್‌ಪಿಒಪಿ ನಿಯಮ ಓದಿಕೊಳ್ರಿ. ಅದಕ್ಕೇ ಬೇರೆ ಲೇಖನ ಬೇಕು.)

ನೀವು ಮಾಡುವುದಾದರೆ

ಆರರಿಂದ ಎಂಟು ಮಂದಿ ಸಾಕು. ಹತ್ತು ದಾಟಿದರೆ ಎರಡು ಗುಂಪಾಗಿ ಪಿಸುಮಾತು ಶುರುವಾಗುತ್ತದೆ. ಹೆಚ್ಚುಕಡಿಮೆ ಒಂದೇ ಸ್ಥಿತಿಯವರಿರಲಿ, ಒಬ್ಬರ ಮುಂದೆ ಒಬ್ಬರು ಬಾಯಿ ಬಿಡುವಂಥವರು. ಸಂಘದ ಸಭೆಗೇ ಹೋಗಿ ಕೂತರೆ ಜನ ಸುಲಭವಾಗಿ ಸಿಗುತ್ತಾರೆ, ಆದರೆ ಅಧ್ಯಕ್ಷೆ ಹೇಳಿದ್ದೇ ಸಂಘದ ಅಭಿಪ್ರಾಯವಾಗುತ್ತದೆ. ನಡೆಸುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು. ನಡೆಸುವವರಿಗೆ ಮಾಲಿನ ಮೇಲೆ ಮೋಹ ಇರಬಾರದು. ನಾನು ನನ್ನ ಖಾರವನ್ನು ಯಾರಾದರೂ ಬೈದರೆ ಸಮರ್ಥನೆಗೆ ಇಳಿಯುತ್ತಿದ್ದೆ, ಅಕ್ಕ ‘ಹೌದಾ? ಮತ್ತ?’ ಅನ್ನುತ್ತಿದ್ದಳು.

ಪ್ರಶ್ನೆ ನಾಲ್ಕೈದು ಇದ್ದರೆ ಸಾಕು, ಎಲ್ಲವೂ ನಡೆದುಹೋದ ಸಂಗತಿಯ ಮೇಲೆ. ಕಳೆದ ಸಲ ಕಾಯಿ ತಂದ ದಿನ ಏನೇನಾಯಿತು, ಹೇಳ್ರಿ. ಯಾವ ಅಂಗಡಿ, ಯಾಕೆ ಅದೇ ಅಂಗಡಿ? ತಂದದ್ದರಲ್ಲಿ ಕೆಟ್ಟದ್ದು ಯಾವಾಗ ಬಂದಿತ್ತು? ಮುಂದೆ ಕೊಳ್ಳುತ್ತೀರಾ ಅನ್ನುವುದನ್ನು ಕೇಳಲೇಬೇಡ್ರಿ. ಕೈಯಲ್ಲಿ ಮುಟ್ಟಿ ನೋಡುವಂಥದ್ದು ಏನಾದರೂ ನಡುವೆ ಇಡ್ರಿ. ಯಾರೂ ಮಾತಾಡದಿದ್ದರೆ ಹತ್ತು ಎಣಿಸುವವರೆಗೆ ಸುಮ್ಮನಿರ್ರಿ. ಕಷ್ಟ ಅನ್ನಿಸುತ್ತದೆ, ಆದರೆ ಏಳಕ್ಕೆ ಬರುವಷ್ಟರಲ್ಲಿ ಯಾರೋ ಒಬ್ಬರು ಶುರು ಮಾಡುತ್ತಾರೆ.

ಒಂದು ತರಹದ ಗಿರಾಕಿಗೆ ಒಂದೇ ಗುಂಪು ಸಾಲದು. ಎರಡು, ಮೂರು ಮಾಡ್ರಿ, ಹೊಸ ಮಾತು ಬರುವುದು ನಿಂತರೆ ನಿಲ್ಲಿಸ್ರಿ. ‘ಎಂಟರಲ್ಲಿ ಆರು ಮಂದಿ ಹೌದು ಅಂದರು, ಅಂದರೆ ಶೇಕಡ 75’ ಅಂತ ಲೆಕ್ಕ ಹಾಕಿ ಬ್ಯಾಂಕಿಗೆ ವರದಿ ಕೊಡಬೇಡ್ರಿ. ಎಂಟು ಮಂದಿ ಊರಿನ ಲೆಕ್ಕವಲ್ಲ. 2020ರ ಕೇಂದ್ರ ಯೋಜನೆಯಲ್ಲಿ ಕಟ್ಟಿದ ರೈತ ಉತ್ಪಾದಕ ಸಂಸ್ಥೆಗಳಲ್ಲಿ ನಮ್ಮಂಥ ಬಯಲುಸೀಮೆಗೆ ಕನಿಷ್ಠ 300 ಸದಸ್ಯರು ಇರಬೇಕು. ಅಷ್ಟು ಜನರ ಷೇರು ದುಡ್ಡಿನಲ್ಲಿ ಗಿರಣಿ, ಪ್ಯಾಕಿಂಗ್ ಮಷಿನ್ ಹಾಕುವ ಮುಂಚೆ ಇಂಥ ನಾಲ್ಕು ಗುಂಪಿಗೆ ಸಮಯ ಕೊಡದಿದ್ದರೆ ನನಗೆ ಹೆದರಿಕೆ ಆಗುತ್ತದೆ.

ನಾಲ್ಕು ಗುಂಪಿಗೆ ನಮಗೆ ಖರ್ಚಾದದ್ದು ಚಹಾ, ಮಿರ್ಚಿ ಬಜ್ಜಿ, ಬಸ್ ಚಾರ್ಜು, ಬಂದವರಿಗೆ ತಲಾ ಅರ್ಧ ಕಿಲೋ ಕಾಯಿ. ಪೌಚಿನ ಬಿಲ್ಲಿನ ಕಾಲುಭಾಗಕ್ಕೂ ಕಡಿಮೆ.

ಆಮೇಲೆ ಏನಾಯಿತು

ಮರುವರ್ಷ ಮಾರ್ಚಿನಲ್ಲಿ ತೊಟ್ಟು ತೆಗೆದ ಇಡೀ ಕಾಯಿ, ಎರಡು ಕಿಲೋ ಮತ್ತು ಐದು ಕಿಲೋ ಚೀಲ. ತೊಟ್ಟು ತೆಗೆದ ಕಾಯಿ ಬೇಗ ತೇವ ಹಿಡಿಯುತ್ತದೆ, ಹುಳ ಬೀಳುತ್ತದೆ. ಅದಕ್ಕೆ ಆರ್ಡರ್ ಬಂದ ಮೇಲೇ ತೆಗೆಸುವುದು, ವಾರದೊಳಗೆ ಮನೆ ಮುಟ್ಟಿಸುವುದು. ದರದ ಪ್ರಶ್ನೆಯನ್ನು ಗುಂಪಿಗೆ ಬಿಡದೆ ಎರಡು ವಾರ ಎರಡು ದರ ಇಟ್ಟು ಮಾರಿ ನೋಡಿದೆವು. ಎಣ್ಣಿ ಹೊಡೆಯದ್ದಕ್ಕೆ ಅಂತ ಹೆಚ್ಚು ಸಿಕ್ಕದ್ದು ಸ್ವಲ್ಪ. ತೊಟ್ಟು ತೆಗೆದದ್ದಕ್ಕೆ ಜನ ಮರುಮಾತಿಲ್ಲದೆ ಕೊಟ್ಟರು. ಸಾವಯವ ಪದವೀಧರನಾದ ನನಗೆ ಇದು ಸ್ವಲ್ಪ ಚುಚ್ಚಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಆ ಬೇಸಿಗೆ ಅರ್ಧಕ್ಕಿಂತ ಹೆಚ್ಚು ಕಾಯಿ ಮನೆಗಳಿಗೇ ಹೋಯಿತು, ಉಳಿದದ್ದು ಎಂದಿನಂತೆ ಬ್ಯಾಡಗಿಗೆ. ಸಂಘದ ಸಾಲ ಮೂವರಲ್ಲಿ ಇಬ್ಬರದು ತೀರಿದೆ.

ಇನ್ನೊಂದು ಮಾತು ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ. ಮಾನ್ವಿಯ ಆ ಸೊಸೆಯ ಕೈ ಉರಿ ನಮ್ಮ ಊರಿನ ಹೆಣ್ಣುಮಕ್ಕಳ ಕೈಗೆ ಬಂತು. ಕಿಲೋ ಲೆಕ್ಕದಲ್ಲಿ ತೊಟ್ಟು ತೆಗೆಯುವವರು ಅವರೇ. ಮೊದಲ ವಾರ ನಾನು ಗಮನಿಸಲೂ ಇಲ್ಲ, ಅಕ್ಕ ಬೈದ ಮೇಲೆ ಅವರ ಜೊತೆಯೂ ಕೂತೆವು. ರಬ್ಬರ್ ಕೈಚೀಲ ತಂದುಕೊಟ್ಟಿದ್ದೆವು, ಯಾರೂ ಹಾಕುತ್ತಿರಲಿಲ್ಲ. ಯಾಕೆ ಅಂದರೆ ಬೆವರು, ಬೆರಳು ಆಡಂಗಿಲ್ಲ, ಕೆಲಸ ಹಿಂದೆ ಬಿದ್ದು ಕೂಲಿ ಕಡಿಮೆ ಆಗುತ್ತದೆ. ಈಗ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಕೆಲಸ, ತೆಳು ಬಟ್ಟೆಯ ಕೈಚೀಲ, ಶುರುವಿಗೆ ಕೈಗೆ ಕೊಬ್ಬರಿ ಎಣ್ಣೆ, ಕಿಲೋ ಬದಲು ದಿನದ ಕೂಲಿ. ಇದರಿಂದ ಚೀಲದ ದರ ಸ್ವಲ್ಪ ಏರಿತು. ಉರಿ ಪೂರ್ತಿ ಹೋಗಿಲ್ಲ.

ಮುಂದಿನ ಗುಂಪು ರಾಯಚೂರಿನ ಖಾನಾವಳಿಯವರದು. ಅವರಿಗೆ ಪುರುಸೊತ್ತು ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಮಾತ್ರ. ಆರು ಮಂದಿ ಒಪ್ಪಿದ್ದಾರೆ, ಅದರಲ್ಲಿ ಒಬ್ಬರು ಹೋದ ವರ್ಷ ನಮ್ಮ ಮಾಸಿದ ಪುಡಿಯನ್ನು ಅಗ್ಗಕ್ಕೆ ತಗೊಂಡವರು. ಅವರು ಏನಂತಾರೆ ಅಂತ ಕೇಳಲಿಕ್ಕೆ ಅಕ್ಕನೇ ಹೋಗಲಿ ಅಂತ ಹೇಳಿದ್ದೇನೆ.